ತಾಳೆಯಾಗದ ಚಿಗಳಿ ಲೆಕ್ಕ

ಹುಣಸೆಹಣ್ಣು, ಬೆಲ್ಲ, ಜೀರಿಗೆ ಒರಳಿನಲ್ಲಿ ಏಟು ತಿಂದು ಒಂದಾಗುವಾಗ ಏಳುವ ವಾಸನೆ, ಗುಬ್ಬಿಯ ಅಜ್ಜಿಮನೆಯಿಂದಲೇ ಮೋಹನ್‌ಕುಮಾರನ ಮೂಗಿಗೆ ಅಂಟಿಕೊಂಡಿತ್ತು. ಅವನನ್ನು ಕೆಡಿಸಿದ್ದೂ ಅದೇ. ಬಟವಾಡಿಯ ಬಾಡಿಗೆ ಮನೆಯಲ್ಲಿ ಕೂತು, ಕಡ್ಡಿಗೆ ಚುಚ್ಚಿದ ಚಿಗಳಿಯನ್ನು ಆನ್‌ಲೈನ್‌ನಲ್ಲಿ ಮಾರತೊಡಗಿದ. ಮಾರುವುದು ಸುಲಭವಾಗಿತ್ತು, ಮಾರಿದ್ದೆಷ್ಟು ಎಂದು ತಿಳಿಯುವುದೇ ಕಷ್ಟ.

ಬೆಳಿಗ್ಗೆಯೇ ಆಡಿಟರ್ ಲಕ್ಷ್ಮೀಕಾಂತ್ ಫೋನಿನಲ್ಲಿ ಗದರಿದ್ದರು. "ಸಂಜೆ ಐದರೊಳಗೆ ಲೆಕ್ಕ ತಾಳೆ ಮಾಡ್ಕೊಂಡು ಬನ್ನಿ. ಜಿಎಸ್‌ಟಿ ಕಟ್ಟೋಕೆ ಇವತ್ತೇ ಕಡೇ ದಿನ. ಈ ಸಲಾನೂ ತಪ್ಪಿದ್ರೆ ನಿಮ್ಮ ಅಂಗಡಿ ಮುಚ್ಸಿಬಿಡ್ತಾರೆ."

ಆನ್‌ಲೈನ್ ಕಂಪನಿ ಕಳಿಸಿದ ಮಾರಾಟದ ಪಟ್ಟಿಯೂ ದುಡ್ಡು ಕೊಟ್ಟ ಪಟ್ಟಿಯೂ, ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರಂತಿದ್ದವು. ಕಮಿಷನ್ನು, ತೆರಿಗೆ ಎಲ್ಲ ಕಳೆದ ಮೇಲೂ 2,940 ರೂಪಾಯಿ ಎಲ್ಲಿ ಹೋಯಿತೆಂದು ಕಾಣಲಿಲ್ಲ. ಸಹಾಯವಾಣಿಗೆ ಫೋನು ಮಾಡಿದರೆ, ಯಂತ್ರದ ಹೆಂಗಸೊಬ್ಬಳು ನಲವತ್ತು ನಿಮಿಷ ಕೊಳಲು ಕೇಳಿಸಿ, "ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ?" ಎಂದಳು.

ಮಹಡಿ ಮೇಲಿನ ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಗಂಗಹನುಮಯ್ಯ ಕರೆಯದೆಯೇ ಇಳಿದು ಬಂದರು. "ಕಂಪ್ಯೂಟರ್ ನಂಬ್ಬೇಡಪ್ಪ. ಎಲ್ಲಾ ಪ್ರಿಂಟ್ ತೆಗ್ಸು."

ನಲವತ್ತಾರು ಹಾಳೆ ಬಂದವು. ನೆಲದ ಮೇಲೆ ಹರಡಿ ಮುಗಿಯುವಷ್ಟರಲ್ಲಿ, ಪಾಪ ಹುಡುಗ ಬೆವರುತ್ತಿದ್ದಾನೆಂದು ಎದುರುಮನೆಯ ಶಕುಂತಲಮ್ಮ ಬಂದು ಫ್ಯಾನು ಹಾಕಿದರು. ಹಾಳೆಗಳು ಕೊಕ್ಕರೆ ಹಿಂಡಿನಂತೆ ಎದ್ದವು. ಮೂವತ್ತೊಂದನೆಯದು ಹುಣಸೆ ನೆನೆಸಿದ್ದ ಪಾತ್ರೆಯಲ್ಲಿ ಇಳಿಯಿತು.

ಅದನ್ನು ಎತ್ತಿ ಹಿಂಡುತ್ತಲೇ ಗಂಗಹನುಮಯ್ಯ ಕನ್ನಡಕ ಸರಿಮಾಡಿಕೊಂಡರು. "ತಗೊಳ್ದೆ ವಾಪಸ್ ಕಳಿಸಿರೋ ಆರ್ಡರು, ಹದಿನಾಲ್ಕು. ಎಲ್ಲಾ ಒಂದೇ ಪಿನ್‌ಕೋಡು. ಅರೆ, ನಮ್ಮ ಬೀದೀನೇ! ಶಕುಂತಲಮ್ಮನ ಹೆಸ್ರಲ್ಲೇ ಮೂರು!"

"ಹೂಂ, ನಾವೇ," ಎಂದರು ಶಕುಂತಲಮ್ಮ ಹೆಮ್ಮೆಯಿಂದ. "ಹೊಸ ವ್ಯಾಪಾರ, ನಾಕು ಆರ್ಡರ್ ಕಾಣ್ಲಿ ಅಂತ ಬೀದಿಯೋರೆಲ್ಲ ಹಾಕಿದ್ವಿ ಕಣಪ್ಪ. ನಿನ್ ಮಾಲು ಯಾಕೆ ಸುಮ್ನೆ ಖರ್ಚಾಗ್ಬೇಕು ಅಂತ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ವಿ."

"ಅಮ್ಮಾ, ಹೋಗಿ ಬರೋ ಬಾಡಿಗೆ ನನ್ ತಲೆ ಮೇಲೆ! ಪೊಟ್ಟಣಕ್ಕೆ ಅರವತ್ತು!"

"ಎದುರುಮನೆಗೆ ಅರವತ್ತಾ? ಆಟೋದವ್ನೂ ಅಷ್ಟು ಕೇಳಲ್ಲ ಕಣೋ!"

ಅಡುಗೆಮನೆಯಿಂದ ಹೆಂಡತಿ ದಾಕ್ಷಾಯಣಿ ಮೆಲ್ಲಗೆ ಹೇಳಿದಳು: "ವಾಪಸ್ ಬಂದಿದ್ನೆಲ್ಲ ನಾನೇ ಡಬ್ಬಕ್ಕೆ ಹಾಕಿಟ್ಟೆ ಕಣ್ರೀ. ನೀವು ನೊಂದ್ಕೋತೀರ ಅಂತ ಹೇಳ್ಲಿಲ್ಲ."

ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಬಾರದ ಬೆಲೆ ನೂರೈವತ್ತು, ಬಾಡಿಗೆ ಅರವತ್ತು, ಹದಿನಾಲ್ಕು ಸಲ. ಸರಿಯಾಗಿ 2,940. ಗಂಗಹನುಮಯ್ಯ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ಸೇವೆಯ ಕೊನೆಯ ದಿನದಂತೆ ಸಹಿಯನ್ನೂ ಹಾಕಿದರು.

ಐದಕ್ಕೆ ಏಳು ನಿಮಿಷವಿದ್ದಾಗ ಮೋಹನ್‌ಕುಮಾರ್ ಆಡಿಟರ್ ಕಚೇರಿ ತಲುಪಿದ. ಲಕ್ಷ್ಮೀಕಾಂತ್ ಅಂಕಿ ತುಂಬಿ ಗುಂಡಿ ಒತ್ತಿದರು. "ಆಯ್ತು. ಅಂಗಡಿ ಉಳೀತು." ಬೆಳಗಿನಿಂದ ಏನೂ ತಿನ್ನದ ಮೋಹನ್ ಕುರ್ಚಿಯಲ್ಲಿ ಕುಸಿದ.

ಆಡಿಟರ್ ದನಿ ಮೆತ್ತಗಾಯಿತು. "ನಿಮ್ಮ ಒದ್ದಾಟ ನೋಡಿ ನಂಗೂ ಮನಸು ತಡೀಲಿಲ್ಲ. ಈ ತಿಂಗ್ಳು ಕುಣಿಗಲ್ ನಮ್ಮಕ್ಕನ ಮನೆಗೆ ಮೂವತ್ತು ಪೊಟ್ಟಣ ಆರ್ಡರ್ ಹಾಕ್ದೆ."

"ಅದು ನೀವಾ ಸಾರ್!" ಮೋಹನನ ಕಣ್ಣು ತುಂಬಿತು. "ನಮ್ ಅಂಗಡಿ ಕಂಡಿರೋ ದೊಡ್ಡ ವ್ಯಾಪಾರ ಸಾರ್ ಅದು!"

"ಹೆಚ್ಚು ಕಾಣ್ಲಿ ಅಂತ ಮೂವತ್ತನ್ನೂ ಬೇರೆ ಬೇರೆ ಹಾಕಿದ್ದೆ." ಲಕ್ಷ್ಮೀಕಾಂತ್ ಕಿಟಕಿಯ ಕಡೆ ನೋಡಿದರು. "ಅಕ್ಕಂಗೆ ಹುಳಿ ತಿಂದ್ರೆ ಹಲ್ಲು ಜುಮ್ ಅನ್ನುತ್ತೆ. ಪಾಪ, ನಿಮಗೆ ನಷ್ಟ ಆಗ್ಬಾರ್ದು ಅಂತ, ನಿನ್ನೆ ಮೂವತ್ತೂ ಬಾಗಿಲಲ್ಲೇ ವಾಪಸ್ ಕಳಿಸಿದ್ಲಂತೆ."

ಮೋಹನ್ ಬೆರಳು ಮಡಚಿ ಎಣಿಸತೊಡಗಿ, ನಡುವೆಯೇ ಕೈಬಿಟ್ಟ.

ಆಡಿಟರ್ ಎದ್ದು, ಕಡೇ ದಿನದ ಗಡಿಬಿಡಿಯಲ್ಲಿ ತಾವೂ ಮುಟ್ಟದಿದ್ದ ಊಟದ ಡಬ್ಬಿ ತಂದರು. ಮುಚ್ಚಳ ತೆಗೆದು, ಚಪಾತಿಯ ಮೇಲೆ ಹೀರೇಕಾಯಿ ಪಲ್ಯ ಹಾಕಿ, ಅವನ ಮುಂದೆ ಸರಿಸಿದರು.