ಮೊಳೆ ಹೊಡೆಯದ ಕಾಕಾ

ನಮ್ಮ ಕಾಕಾ ತನ್ನ ಜೀವಮಾನದಲ್ಲಿ ಒಂದೇ ಒಂದು ಮೊಳೆ ಹೊಡೆದವನಲ್ಲ! ಹಾಗೆಂದ ಮಾತ್ರಕ್ಕೆ ಮೈಗಳ್ಳ ಎಂದುಕೊಂಡೀರಿ, ಜೋಕೆ. ಗೋಕಾಕದ ಕಡೆಯ ನೂಲಿನ ಗಿರಣಿಯೊಂದರಲ್ಲಿ ಅವನು ಫಿಟ್ಟರ್. ಕೈ ತುಂಬ ಕೆಲಸ, ಕಿಸೆ ತುಂಬ ತಿರುಪು. ಅವನ ಅಂಗಿ ಒಗೆಯುವ ಮುಂಚೆ ಅವನ ಹೆಂಡತಿ, ಅಂದರೆ ನಮ್ಮ ಕಾಕು, ಕಿಸೆ ತಡಕಲು ಮರೆತಳೋ, ಒಗೆಯುವ ಕಲ್ಲು ಖಣಖಣ ಎನ್ನುತ್ತಿತ್ತು.

ಮೊಳೆಯನ್ನು ಕಂಡರೆ ಅವನಿಗೇಕೆ ಆಗುತ್ತಿರಲಿಲ್ಲ? ಕೇಳಿದವರಿಗೆಲ್ಲ ಒಂದೇ ಉತ್ತರ: “ಮೊಳಿ ಹೊಡದ ಮ್ಯಾಲ ತಗೀಬೇಕಂದ್ರ ಕಟ್ಟಿಗಿ ಸೀಳಬೇಕ. ತಿರುಪು ಹಂಗಲ್ಲ, ಬಂದ ಹಾದೀಲೇ ತಿರುಗಿ ಹೋಗತೈತಿ.”

ಹೀಗಾಗಿ ಕ್ಯಾಲೆಂಡರ್ ತೂಗುಹಾಕಬೇಕಾದರೂ ಗೋಡೆಗೆ ತೂತು ಕೊರೆದು, ಅದರಲ್ಲಿ ಕಟ್ಟಿಗೆಯ ತುಂಡು ಕೂರಿಸಿ, ಆ ತುಂಡಿಗೆ ತಿರುಪು ಹಾಕಬೇಕು. ಹೊಸ ವರ್ಷದ ಕ್ಯಾಲೆಂಡರ್ ಗೋಡೆ ಹತ್ತುವಷ್ಟರಲ್ಲಿ ಶಿವರಾತ್ರಿ ಬಂದಿರುತ್ತಿತ್ತು!

ತಿರುಪಿನಲ್ಲೂ ಜಾತಿ ಎಷ್ಟು, ಮಡಿ ಎಷ್ಟು! ಬಾಗಿಲಿಗೆ ಚಪ್ಪಟೆ ತಲೆಯದು. ಅದು ಕಟ್ಟಿಗೆಯೊಳಗೆ ತಲೆ ಹುದುಗಿಸಿ ಕೂರುತ್ತದೆ, ಯಾರ ಸೀರೆಯನ್ನೂ ಹರಿಯುವುದಿಲ್ಲ. ತಗಡಿಗೆ ಗುಂಡು ತಲೆಯದು, ಅದರಡಿ ಒಂದು ವಾಷರ್ ಬಿಲ್ಲೆ. ಬಚ್ಚಲಿಗೆ ಹಿತ್ತಾಳೆಯದೇ ಆಗಬೇಕು, ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಗಟ್ಟಿ ಕಟ್ಟಿಗೆಯಾದರೆ ತಿರುಪಿಗೆ ಮೊದಲು ಸಾಬೂನು ಸವರಬೇಕು. ನಮ್ಮ ಮನೆಯ ಮೈಸಾಬೂನಿನ ಮೈಯೆಲ್ಲ ತೂತು! ಕೆಲಸ ಮುಗಿದ ಮೇಲೆ ತಿರುಪಿನ ತಲೆಯ ಗೀರುಗಳೆಲ್ಲ ಒಂದೇ ದಿಕ್ಕಿಗಿರಬೇಕು. ಒಂದು ಓರೆಯಾಗಿದ್ದರೂ ಆ ದಿನ ಕಾಕಾನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವನು ಹುಕ್ಕೇರಿಗೆ ಕನ್ಯೆ ನೋಡಲು ಹೋದ ಕಥೆಯನ್ನು ಅವನ ಅಣ್ಣ, ಅಂದರೆ ನಮ್ಮ ಅಪ್ಪ, ಬಂದವರಿಗೆಲ್ಲ ಹೇಳುತ್ತಿದ್ದ. ಜಮಖಾನೆಯ ಮೇಲೆ ಕೂತ ವರನ ಕಣ್ಣು ಬಾಗಿಲ ಬಿಜಾಗರಿಯ ಮೇಲೆ ಬಿತ್ತಂತೆ. ಅದರಲ್ಲಿ ಎರಡು ತಿರುಪು ಇಲ್ಲ! ಕಿಸೆಯಿಂದ ತಿರುಪು ತಿರುಗಿಸುವ ಪೇಚಕಸ ತೆಗೆದವನೇ ಎದ್ದು ಹೋಗಿ ಕೂರಿಸತೊಡಗಿದ. ಅಷ್ಟರಲ್ಲಿ ಕನ್ಯೆ ಅವಲಕ್ಕಿ ತಂದಿಟ್ಟಳು, ಹೆಸರು ಹೇಳಿದಳು, ಹಾಡೂ ಹೇಳಿ ಮುಗಿಸಿದಳು. ಕಾಕಾ ತಿರುಗಿಯೂ ನೋಡಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಆ ಹುಡುಗಿಯೇ ಮೆಲ್ಲಗೆ, “ಅಡಗಿ ಮನಿ ಬಾಗಿಲಕ್ಕೂ ಒಂದು ಕಡಿಮಿ ಐತ್ರಿ” ಎಂದಳಂತೆ. ಕಾಕಾ ಆಗ ತಿರುಗಿ ನೋಡಿದ. ಅವಳೇ ನಮ್ಮ ಕಾಕು.

ಇಷ್ಟು ಹೊತ್ತು ನಗಿಸಿದ ತಿರುಪೇ ಮುಂದೆ ಅಳಿಸಿತು ನೋಡಿ. ಕೊಣ್ಣೂರಿನ ನಮ್ಮ ಮನೆ ಒಂದೇ ಮಾಡಿನ ಕೆಳಗಿನ ಎರಡು ಪಾಲು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಕಾಕಾ, ನಡುವೆ ಸದಾ ತೆರೆದಿರುವ ಒಂದು ಬಾಗಿಲು. ಅಪ್ಪನದು ಹೊಲಿಗೆ ಕೆಲಸ. ಒಂದು ಮದುವೆಯ ಹಂಗಾಮಿನಲ್ಲಿ ಮೂಡಲಗಿಯ ವರನ ಕೋಟು ಅರ್ಧ ಹೊಲಿದಿಟ್ಟು ಅಪ್ಪ ಊಟಕ್ಕೆ ಎದ್ದ. ಅಷ್ಟೇ ಸಾಕು! ಮಷೀನು ಗೊರಗೊರ ಎನ್ನುತ್ತದೆಂದು ಕಾಕಾ ಅದನ್ನು ಬಿಚ್ಚಿ ಹರವಿದ. ಸೂಜಿ ಹಿಡಿಯುವ ತಿರುಪು ಜೋಳದ ಕಾಳಿನಷ್ಟಿತ್ತು. ನಮ್ಮ ಕೋಳಿಯೂ ಅದನ್ನು ಜೋಳವೆಂದೇ ತಿಳಿದು ನುಂಗಿತು! ಕಾಕಾ ಕಿಸೆಯಲ್ಲಿದ್ದುದನ್ನೆಲ್ಲ ಸುರಿದು ನೋಡಿದ. ಅಷ್ಟು ಸಣ್ಣ ಸುತ್ತಿನದು ಒಂದೂ ಇರಲಿಲ್ಲ. ವರ ತನ್ನ ಸೋದರಮಾವನ ಕೋಟು ತೊಟ್ಟು ಅಕ್ಷತೆಗೆ ನಿಂತ. ಆ ಕೋಟಿನಲ್ಲಿ ಇನ್ನೂ ಒಬ್ಬ ವರ ಹಿಡಿಯುತ್ತಿದ್ದನಂತೆ! ಊರೆಲ್ಲ ನಕ್ಕಿತು. ಅಪ್ಪ ನಗಲಿಲ್ಲ.

“ನಡುವಿನ ಬಾಗಿಲಾ ಮೊಳಿ ಹೊಡದ ಮುಚ್ಚಿಬಿಡು. ನಿನ್ನ ಮಾರಿ ನನಗ ಬ್ಯಾಡ” ಎಂದ.

ಕಾಕಾ ತನ್ನ ಕಡೆಯಿಂದ ಎರಡು ಹಲಗೆ ಅಡ್ಡ ಇಟ್ಟು ಮುಚ್ಚಿದ. ಮೊಳೆ ಹೊಡೆದಾನೆಯೇ? ಎಂಟು ತಿರುಪು, ಗೀರುಗಳೆಲ್ಲ ಒಂದೇ ದಿಕ್ಕಿಗೆ. ಹುಡುಗರಾದ ನಾವು ಬೀದಿ ಬಳಸಿ ಆಚೆ ಈಚೆ ಓಡಾಡಿಕೊಂಡಿದ್ದೆವು. ಅಪ್ಪ ಮಾತ್ರ ನಾಲ್ಕು ವರ್ಷ ಆ ಪಾಲಿನ ಹೊಸ್ತಿಲು ತುಳಿಯಲಿಲ್ಲ. ಅಣ್ಣ ತಮ್ಮ ಎದುರಿಗೆ ಸಿಕ್ಕರೆ ಒಬ್ಬ ಆಕಾಶ ನೋಡುವನು, ಒಬ್ಬ ನೆಲ ನೋಡುವನು.

ಕಾಕಾನಿಗೆ ಗಿರಣಿಯ ರಜೆ ಇದ್ದ ಒಂದು ಮಧ್ಯಾಹ್ನ ಅವ್ವ ಅಂಕಲಗಿಯ ತವರಿಗೆ ಹೋಗಿದ್ದಳು. ನಾನು ಕಾಕುವಿನ ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ ತಿನ್ನುತ್ತಿದ್ದೆ. ಗೋಡೆಯಾಚೆ ದಡ್ ಎಂದು ಏನೋ ಬಿತ್ತು, ಹಿಂದೆಯೇ ಅಪ್ಪನ ನರಳಾಟ. ಅಟ್ಟದ ಏಣಿಯಿಂದ ಬಿದ್ದಿದ್ದ. ನಮ್ಮ ಮುಂಬಾಗಿಲಿಗೆ ಒಳಗಿನಿಂದ ಅಗಳಿ! ಅದನ್ನು ಕೂರಿಸಿದವನೂ ಕಾಕಾನೇ ಆದ್ದರಿಂದ ಅದು ಆನೆ ಬಂದರೂ ಜಗ್ಗುವಂಥದಲ್ಲ. ನೆರೆಯವರು ಹಾರೆ ತರಲು ಓಡಿದರು. ಕಾಕಾ ಪೇಚಕಸ ಹಿಡಿದು ನಡುಬಾಗಿಲಿಗೆ ಓಡಿದ.

ಮಂಡಿಯೂರಿ ಕೂತು ಪೇಚಕಸ ತಿರುಗಿಸತೊಡಗಿದ. ತಿರುಪುಗಳು ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಒಂದೊಂದಾಗಿ ಹೊರಗೆ ಬಂದವು. ನಾಲ್ಕು ವರ್ಷದಲ್ಲಿ ತುಕ್ಕು ಹಿಡಿದಿರಲಿಲ್ಲವೇ? ನಾನು ಬಾಯಿ ಬಿಟ್ಟು ನೋಡುತ್ತಿದ್ದುದನ್ನು ಕಂಡು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಮಾಸಿಗೊಮ್ಮಿ ಬಿಚ್ಚಿ, ಎಣ್ಣಿ ಹಚ್ಚಿ ಮತ್ತ ಹಾಕತಿದ್ರವ್ವಾ. ಅಣ್ಣ ಇವತ್ತ ಕರದಾನು, ನಾಳಿ ಕರದಾನು ಅಂತ.”

ಹಲಗೆ ಬಿತ್ತು, ಬಾಗಿಲು ತೆರೆಯಿತು. ಮುರಿದ ಕಾಲು ಚಾಚಿ ಬಿದ್ದಿದ್ದ ಅಪ್ಪನ ತಲೆಯನ್ನು ಕಾಕಾ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಅಪ್ಪ ಅವನ ಕೈಯ ಪೇಚಕಸ ನೋಡಿದ.

“ಮೊಳಿ ಹೊಡಿ ಅಂದಿದ್ನೆಲ್ಲೋ.”

“ನನಗ ಬರೂದಿಲ್ಲ, ಅಣ್ಣಾ.”

“ಗೊತ್ತಿತ್ತಲೇ ತಮ್ಮಾ. ಅವತ್ತ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ದೆ, ಸುತ್ತಿಗಿ ಸಪ್ಪಳ ಬರಲೇ ಇಲ್ಲ. ಯಾವಾಗ ಬಿಚ್ಚತಿ ಅಂತ ಹಾದಿ ನೋಡಾಕತ್ತಿದ್ದೆ.”

ಗಿರಣಿಯ ಫಿಟ್ಟರ್ ಕಾಕಾ ಆಗ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಕಾಲಿನ ನೋವನ್ನು ಮರೆತು ಅವನ ಬೆನ್ನು ಸವರುತ್ತಿದ್ದ.