ಮೊದಲು ನೀರು, ಆಮೇಲೆ ಮೀನು

ನನ್ನದು ಸಂಶಯದ ಸ್ವಭಾವ ಎಂದು ಊರೆಲ್ಲ ಹೇಳುತ್ತದೆ. ಊರೆಲ್ಲ ಒಂದೇ ಮಾತು ಹೇಳುತ್ತಿದೆಯೆಂದರೆ ಅದರ ಹಿಂದೆ ಯಾರದೋ ಕೈವಾಡವಿರಬೇಕು ಎಂದು ನನ್ನ ಗುಮಾನಿ. ಅಂಗಡಿಯವನು ನಕ್ಕು ಮಾತಾಡಿಸಿದರೆ ನಾನು ಅವನ ತಕ್ಕಡಿ ನೋಡುತ್ತೇನೆ. ನಗದೆ ಮಾತಾಡಿಸಿದರೆ ತೂಕದ ಕಲ್ಲು ನೋಡುತ್ತೇನೆ. ಕಣ್ಣೆದುರಿಗೇ ಎಮ್ಮೆ ಹಿಂಡಿಸಿ ತಂದ ಹಾಲನ್ನೂ ಬೆರಳಿಗೆ ಹಚ್ಚಿ ನೋಡದೆ ಅಡುಗೆಮನೆಗೆ ಬಿಟ್ಟವನಲ್ಲ. ನಮ್ಮ ಅವ್ವ, ‘ನಿನ್ನ ಹಡದಾಕಿ ನಾನ ಹೌದೋ ಅಲ್ಲೋ ಅಂತ ಯಾವಾಗ ಕೇಳತಿ ಹೇಳಪ್ಪಾ, ಉತ್ತರಾ ತಯಾರ ಇಟ್ಕೋತೇನಿ’ ಎನ್ನುತ್ತಿದ್ದಳು. ಇಂಥ ನನ್ನನ್ನೇ ಜನ ಸಂಶಯದಿಂದ ನೋಡುವ ಒಂದು ಕಾಲ ಬಂದಿತ್ತು. ಅದೂ ಮೀನಿನ ಸಲುವಾಗಿ, ಮೀನೇ ಇಲ್ಲದಾಗ.

ಆಗ ನಾನು ಯಾದಗಿರಿಯಲ್ಲಿ ಸರಕಾರಿ ಕಾರಕೂನ. ನಿಜಾಮರ ರಾಜ್ಯ, ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ತಲೆಯ ಮೇಲೆ ರೂಮಿ ಟೊಪ್ಪಿಗೆ, ಅದರ ಕೆಳಗೆ ಹಣೆ ತುಂಬ ವಿಭೂತಿ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅವ್ವ, ನಾನು, ಲಗ್ನಕ್ಕೆ ಬಂದ ತಂಗಿ ನೀಲಾ, ಇಷ್ಟೇ ಮಂದಿ. ತಂಗಿಯನ್ನು ಒಂದು ದಡ ಮುಟ್ಟಿಸಿ ಆಮೇಲೆ ನನ್ನದು ಎಂದು ನಾನೂ ಲಗ್ನದ ಮಾತೆತ್ತಿರಲಿಲ್ಲ. ನಮ್ಮ ಸಾಹೇಬರಿಗೆ ಔರಂಗಾಬಾದಿಗೆ ವರ್ಗವಾಯಿತು. ಹೊರಡುವ ಮುಂಚೆ ನನ್ನನ್ನು ಬಂಗಲೆಗೆ ಕರೆಸಿ, ತಾವು ಮೀನು ಸಾಕುತ್ತಿದ್ದ ಗಾಜಿನ ತೊಟ್ಟಿಯನ್ನು ತೋರಿಸಿ, ‘ಇದು ರೈಲಿನಾಗ ಒಡದು ಹೋಗತದ, ನೀ ಒಯ್ಯಿ’ ಎಂದರು. ದೊಡ್ಡವರು ಪುಕ್ಕಟೆ ಏನಾದರೂ ಕೊಟ್ಟರೆ ನನಗೆ ಮೈ ಬೆವರುತ್ತದೆ. ‘ಇದರಾಗಿನ ಮೀನು ಏನಾದವ್ರಿ ಸಾಬ್?’ ಎಂದೆ. ಬಾವಿಗೆ ಬಿಟ್ಟರಂತೆ. ‘ಅಂತೆ’ ಎನ್ನುತ್ತೇನೆ, ನಾನು ನೋಡಿಲ್ಲ.

ಸಾಹೇಬರು ತೊಟ್ಟಿಯ ಜೊತೆಗೆ ಒಂದು ಉಪದೇಶವನ್ನೂ ಕೊಟ್ಟರು. ‘ಪಹಲೆ ಪಾನಿ, ಬಾದ ಮೆ ಮಚ್ಲಿ’ ಎಂದರು. ಮೊದಲು ನೀರು, ಆಮೇಲೆ ಮೀನು. ತಳಕ್ಕೆ ನದಿಯ ಉಸುಕು ಹಾಸಬೇಕು, ನೀರೊಳಗೆ ಬೆಳೆಯುವ ಗಿಡ ನೆಡಬೇಕು, ನೀರು ತುಂಬಬೇಕು, ಮತ್ತು ಕಾಯಬೇಕು. ಹೊಸ ನೀರಿಗೆ ಮೀನು ಬಿಟ್ಟರೆ ಅದರ ಹೊಲಸೇ ಅದಕ್ಕೆ ವಿಷವಾಗಿ ಸಾಯುತ್ತದೆ. ಉಸುಕಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟಬೇಕಂತೆ, ಅವು ಹೊಲಸು ತಿಂದು ನೀರು ಹಸನು ಮಾಡುತ್ತವಂತೆ. ಅವು ಬೆಳೆಯುವುದಕ್ಕೆ ಮೀನು ಬರುವ ಮುಂಚೆಯೇ ದಿನಾ ಒಂದು ಚೂರು ರೊಟ್ಟಿ ಹಾಕುತ್ತಿರಬೇಕು. ನೀರು ಮೊದಲು ಬೆಳ್ಳಗೆ ಕಲಕುತ್ತದೆ, ಸ್ವಲ್ಪ ನಾತ ಹೊಡೆಯುತ್ತದೆ, ಆಮೇಲೆ ತಾನೇ ತಿಳಿಯಾಗುತ್ತದೆ. ಆಗ ನೀರು ಪಕ್ವವಾಯಿತು ಎಂದು ತಿಳಿ, ಮೀನು ಬಿಡು ಎಂದರು. ನಾನು ಹೂಂಗುಟ್ಟಿದೆ. ಕಣ್ಣಿಗೆ ಕಾಣದೆ ಸಂಬಳ ತೆಗೆದುಕೊಳ್ಳುವವರ ಕಥೆ ಕೇಳಿದ್ದೆ. ಕಣ್ಣಿಗೆ ಕಾಣದೆ ಕೆಲಸ ಮಾಡುವವರ ಬಗ್ಗೆ ಕೇಳಿದ್ದು ಅದೇ ಮೊದಲು.

ತೊಟ್ಟಿ ಪಡಸಾಲೆಯ ಮರದ ಬಾಂಕಿನ ಮೇಲೆ ಕೂತಿತು. ಉಸುಕು, ಗಿಡ ತರಲು ಅಂಬಿಗರ ಮಲ್ಲಪ್ಪನಿಗೆ ಹೇಳಿದೆ. ಅವನು ಭೀಮಾ ನದಿಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುವವನು, ಉಳಿದ ಹೊತ್ತಿನಲ್ಲಿ ಬಲೆ ಬೀಸಿ ಮೀನು ಮಾರುವವನು. ಇಲ್ಲಿ ನನ್ನ ಬುದ್ಧಿ ಓಡಿತು. ನಮ್ಮದು ಲಿಂಗವಂತರ ಓಣಿ. ಮೀನಿನ ಮಲ್ಲಪ್ಪ ಹಾಡಹಗಲಿಗೆ ಬುಟ್ಟಿ ಹೊತ್ತು ನಮ್ಮ ಮುಂಬಾಗಿಲಿಗೆ ಬಂದರೆ ಜನ ಏನಂದಾರು? ಅದಕ್ಕೇ ಅವನಿಗೆ ಹಿತ್ತಲ ಬಾಗಿಲಿಗೆ ಬರಲು ಹೇಳಿದೆ, ಬುಟ್ಟಿಗೆ ಅರಿವೆ ಮುಚ್ಚಿಕೊಂಡು ಬಾ ಎಂದೂ ಹೇಳಿದೆ. ಅವನು ಮೂರ್ನಾಲ್ಕು ಸಲ ಹಾಗೇ ಬಂದು ಹೊಳೆಯ ಉಸುಕನ್ನೂ ಮುದನಾಳದ ಹಳ್ಳದಿಂದ ಕಿತ್ತ ಗಿಡಗಳನ್ನೂ ಕೊಟ್ಟುಹೋದ. ನನ್ನ ಮುಂದಾಲೋಚನೆಗೆ ನಾನೇ ಖುಷಿಪಟ್ಟೆ.

ತೊಟ್ಟಿ ನೋಡಲು ಓಣಿ ನೆರೆಯಿತು. ಬಂದವರೆಲ್ಲ ಗಾಜಿಗೆ ಮೂಗು ಹಚ್ಚಿ ನೋಡಿದರು. ಮಗ್ಗುಲ ಮನೆಯ ಸಿದ್ದಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿ, ‘ಮೀನು ಎಲ್ಲ್ಯಾವಪ್ಪಾ?’ ಎಂದಳು.

‘ಇನ್ನ ಬಂದಿಲ್ಲ ಸಿದ್ದಮ್ಮತ್ತಿ. ಮೊದಲ ನೀರು ಪಕ್ವ ಆಗಬೇಕು.’

‘ಮತ್ತ ಮುಂಜಾನಿ ರೊಟ್ಟಿ ಮುರದು ಹಾಕಾಕತ್ತಿದ್ದಿ? ಯಾರಿಗಿ ಹಾಕಿದಿ?’

‘ಕಣ್ಣಿಗಿ ಕಾಣದ ಜೀವ ಇರತಾವ, ಅವಕ್ಕ.’

ಸಿದ್ದಮ್ಮ ನನ್ನ ಮುಖವನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ನಾನು ಅಂಗಡಿಯವನ ತಕ್ಕಡಿಯನ್ನು ಹಾಗೇ ನೋಡುತ್ತೇನೆ. ಸಂಜೆಯ ಹೊತ್ತಿಗೆ ಓಣಿಯ ಲೆಕ್ಕಾಚಾರ ಮುಗಿದಿತ್ತು. ಆ ಮನೆಗೆ ಮೀನಿನ ಮಲ್ಲಪ್ಪ ಹಿತ್ತಲಿನಿಂದ ಬರುತ್ತಾನೆ. ಬುಟ್ಟಿಗೆ ಅರಿವೆ ಮುಚ್ಚಿರುತ್ತದೆ. ಮೀನಿನ ಮನೆ ಇದೆ, ಮೀನಿಗೆ ರೊಟ್ಟಿ ಹಾಕುತ್ತಾರೆ, ಮೀನು ಮಾತ್ರ ಇಲ್ಲ. ಹಾಗಾದರೆ ಮೀನು ಎಲ್ಲಿ ಹೋಗುತ್ತವೆ? ಹೊಟ್ಟೆಗೆ!

ಬೇರೆ ಯಾವಾಗಲೋ ಆಗಿದ್ದರೆ ನಾನು ‘ಹೋಗ್ರಿ ಅತ್ತಾಗ’ ಎಂದು ಸುಮ್ಮನಿರುತ್ತಿದ್ದೆ. ಆದರೆ ಆಗ ನೀಲಾಳಿಗೆ ಸುರಪುರದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಕೂಡಿಬರುತ್ತಿತ್ತು. ಹುಡುಗ ಸಾಲಿಮಾಸ್ತರ, ಸ್ವಭಾವ ತಣ್ಣಗಿನದು. ನೀಲಾ ಬಾಯಿ ಬಿಟ್ಟು ಹೇಳದಿದ್ದರೂ ಅವನ ಸುದ್ದಿ ಬಂದಾಗಲೆಲ್ಲ ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಹುಡುಗನ ಅಪ್ಪ ಚೆನ್ನಬಸಪ್ಪನವರು ಮಾತ್ರ ಬಹಳ ಮಡಿವಂತರು, ಕಂಡವರ ಮನೆಯಲ್ಲಿ ನೀರು ಸಹ ಮುಟ್ಟುವವರಲ್ಲ. ಸಂಬಂಧ ತಂದ ನಮ್ಮ ಸೋದರಮಾವ ದೇವಾಪುರದಿಂದ ಏದುಸಿರು ಬಿಡುತ್ತ ಬಂದ. ‘ಶಿವಲಿಂಗಾ, ನೀವು ಮೀನಾ ತಿಂತೀರಿ ಅಂತ ಸುದ್ದಿ ಸುರಪುರ ಮುಟ್ಯದ. ಅವ್ರು ಬರೋ ಸೋಮವಾರ ಹೆಣ್ಣು ನೋಡಾಕ ಬರಾಕತ್ತಾರ. ಆ ಡಬ್ಬ್ಯಾಗ ಮೀನು ಈಜಾಡಾಕತ್ತಿದ್ರ ನಾ ಬಾಯಿ ಬಿಟ್ಟು ಮಾತಾಡಬಹುದು. ಮೀನಿಲ್ಲಂದ್ರ ಈ ಸಂಬಂಧ ಮುರೀತು ಅನ್ಕೋ’ ಎಂದ.

ಮೀನು ಬಿಡೋಣವೆಂದರೆ ನೀರು ಪಕ್ವವಾಗಿರಲಿಲ್ಲ. ಸಾಹೇಬರು ಹೇಳಿದ ಕ್ರಮದಲ್ಲಿ ಅದು ನಡೆಯುತ್ತಲೇ ಇರಲಿಲ್ಲ. ಸಂಜೆ ನಾನು ಕಚೇರಿಯಿಂದ ಬರುವ ಹೊತ್ತಿಗೆ ತಕ್ಕಮಟ್ಟಿಗೆ ತಿಳಿಯಾಗಿರುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ರಾಡಿ. ಯಾರೋ ಕಲಕುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಸಿದ್ದಮ್ಮನ ಬೆಕ್ಕಿನ ಮೇಲೆ ಗುಮಾನಿ ಬಂತು, ಆಮೇಲೆ ಸಿದ್ದಮ್ಮನ ಮೇಲೆಯೇ ಬಂತು. ಅವಳಿಗೂ ಲಗ್ನಕ್ಕೆ ಬಂದ ಮಗಳಿದ್ದಳು, ಸುರಪುರದ ಆ ಹುಡುಗನ ಮೇಲೆ ಅವಳ ಕಣ್ಣಿರಬಾರದೇಕೆ? ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು, ಕೈಯಲ್ಲಿ ಬಡಿಗೆ ಹಿಡಿದು ಪಡಸಾಲೆಯ ಕಂಬದ ಮರೆಯಲ್ಲಿ ಕೂತೆ. ಕೊಡದ ಸದ್ದಾಯಿತು. ಒಂದು ಆಕೃತಿ ತೊಟ್ಟಿಯ ಹತ್ತಿರ ಬಗ್ಗಿತು. ‘ಸಿಕ್ಕಿಬಿದ್ದಿ!’ ಎಂದು ಜಿಗಿದೆ. ನಮ್ಮ ಅವ್ವ! ತೊಟ್ಟಿಯ ನೀರನ್ನು ತಂಬಿಗೆಯಿಂದ ಕೊಡಕ್ಕೆ ತೋಡಿ ಅಂಗಳಕ್ಕೆ ಚೆಲ್ಲುತ್ತಿದ್ದಳು.

‘ಯಾಕೋ, ಬಡಗಿ ಹಿಡಕೊಂಡು ನಿಂತಿ? ಹಡದವ್ವಗ ಹೊಡಿತೇನು?’

‘ಅವ್ವಾ! ಈ ನೀರು ಯಾಕ ಚೆಲ್ಲಾಕತ್ತಿ?’

‘ಬಾಸಿ ನೀರು ಮನ್ಯಾಗ ಇಟ್ಕೊಂಡು ದೇವರಿಗಿ ದೀಪಾ ಹಚ್ಚಲೇನು? ದಿನಾ ಹಳೀ ನೀರು ಚೆಲ್ಲಿ ಹೊಳಿಯಿಂದ ಹೊಸಾ ನೀರು ತಂದು ತುಂಬಾಕತ್ತೇನಿ. ಪಾಪ, ನೀ ಕಚೇರಿಗಿ ಹೋಗತಿ, ನಾನರ ಮಾಡಲಿ ಅಂತ. ಉಸುಕಿನಾಗಿನ ಕಲ್ಲಿಗಿ ಸೈತ ಹುಣಸಿಹಣ್ಣು ಹಚ್ಚಿ ತಿಕ್ಕೇನಿ, ನೋಡು ಹೆಂಗ ಝಗಝಗಾ ಅಂತಾವ!’

ನಮ್ಮ ಕಡೆ ರಾತ್ರಿ ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿ, ಕೊಡ ಬೆಳಗಿ, ಹೊಸ ನೀರು ತುಂಬದಿದ್ದರೆ ಆ ಮನೆಯಲ್ಲಿ ಹೆಂಗಸರೇ ಇಲ್ಲ ಎಂದು ಅರ್ಥ. ಅದು ಭೀಮೆಗೆ ಹೊಸ ಮಳೆನೀರು ಬಂದ ಕಾಲ, ಅದಕ್ಕೇ ದಿನಾ ಕೆಂಪು ರಾಡಿ. ಕಣ್ಣಿಗೆ ಕಾಣದ ಆ ಜೀವಗಳು ಹುಟ್ಟಿದ ದಿನವೇ ನಮ್ಮವ್ವನ ಕೈಯಿಂದ ಅಂಗಳ ಸೇರುತ್ತಿದ್ದವು. ‘ಅವ್ವಾ, ಕೆರಿ ನೀರು ದಿನಾ ಯಾರರ ಚೆಲ್ಲತಾರೇನು?’ ಎಂದು ಕೇಳಿದೆ. ‘ಕೆರಿ ಪಡಸಾಲ್ಯಾಗ ಇರತದೇನು?’ ಎಂದಳು. ನನ್ನ ಮಾತಿಗೆ ಅವಳು ಜಗ್ಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಮಲ್ಲಪ್ಪನ ಗಿಡದ ಜೊತೆ ಬಂದಿದ್ದ ಒಂದು ಬಸವನಹುಳು ನಿಧಾನವಾಗಿ ಗಾಜು ಹತ್ತತೊಡಗಿತು. ಅವ್ವ ಕೊಡ ಕೆಳಗಿಟ್ಟು ಕೈಮುಗಿದಳು. ‘ಬಸವಣ್ಣ ಬಂದಾನ, ತಡಿ. ಇನ್ನ ನಾ ಕೈ ಹಚ್ಚಂಗಿಲ್ಲ’ ಎಂದಳು. ಆ ಹುಳುವಿಗೆ ನಾನು ಇಂದಿಗೂ ಋಣಿ. ಆದರೂ ನೀರಿನ ಕೆಲಸ ಮೊದಲಿನಿಂದ ಶುರುವಾಗಬೇಕಾಯಿತು, ಸೋಮವಾರ ಬಾಗಿಲಿಗೆ ಬಂದಿತ್ತು.

ಸೋದರಮಾವ, ‘ಹೆಂಗರ ಆಗಲಿ, ನಾಲ್ಕು ಮೀನು ಬಿಟ್ಟುಬಿಡು’ ಎಂದ. ಬಿಟ್ಟು, ಅವು ಬೀಗರೆದುರಿಗೇ ಹೊಟ್ಟೆ ಮೇಲೆ ಮಾಡಿ ತೇಲಿದರೆ? ಹೆಣ್ಣು ನೋಡುವ ಪಡಸಾಲೆಯಲ್ಲಿ ಹೆಣ! ಬೇಡ ಎಂದೆ. ಕೊನೆಗೆ ತೊಟ್ಟಿಯ ಮೇಲೆ ಒಂದು ಜಮಖಾನೆ ಹೊದಿಸಿ, ದೇವರ ಮೇಲೆ ಭಾರ ಹಾಕಿದೆ.

ಸೋಮವಾರ ಚೆನ್ನಬಸಪ್ಪನವರು ಮಗನನ್ನು ಕರೆದುಕೊಂಡು ಬಂದರು. ಕುಳಿತು ಎಲೆ ಅಡಿಕೆ ತಟ್ಟೆಯನ್ನೂ ಮುಟ್ಟದೆ, ‘ಆ ಜಮಖಾನಿ ಕೆಳಗ ಏನದ?’ ಎಂದರು. ತೆಗೆದು ತೋರಿಸಿದೆ. ಗಿಡ ಇತ್ತು, ಉಸುಕು ಇತ್ತು, ಬೆಳ್ಳಗೆ ಕಲಕಿದ ನೀರಿನಲ್ಲಿ ಒಂದು ರೊಟ್ಟಿಚೂರು ತೇಲುತ್ತಿತ್ತು. ನಾನು ಸಾಹೇಬರ ಉಪದೇಶವನ್ನೆಲ್ಲ ಒಪ್ಪಿಸಿದೆ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳು ಅನ್ನಿಸತೊಡಗಿತು. ಚೆನ್ನಬಸಪ್ಪನವರು ಕೇಳಿಸಿಕೊಂಡು, ‘ಹೊಳಿ ದಾಟೋವಾಗ ಹರಗೋಲ ಹಾಕವನ ಕೇಳಿದ್ನಿ. “ಕಾರಕೂನರ ಮನಿಗಿ ಹಿತ್ತಲ ಬಾಗಲಕ ಹೋಗತೇನ್ರಿ, ಬುಟ್ಟಿಗಿ ಅರಬಿ ಮುಚ್ಚಿ ತಾ ಅಂದಾರ್ರಿ” ಅಂದ. ಗಿಡ ತರಸಾಕ ಅರಬಿ ಯಾಕ್ರಿ?’ ಎಂದರು.

ಮಲ್ಲಪ್ಪ ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮಾವ ಛಾವಣಿ ನೋಡತೊಡಗಿದ. ಹುಡುಗ ತನ್ನ ಟೊಪ್ಪಿಗೆಯನ್ನು ಕೈಯಲ್ಲಿ ತಿರುವುತ್ತ ನೆಲ ನೋಡುತ್ತಿದ್ದ. ಆಗ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿದ್ದ ನೀಲಾ ತಲೆಯೆತ್ತಿ ಚೆನ್ನಬಸಪ್ಪನವರ ಮುಂದೆ ಬಂದಳು.

‘ಮಾವಾರ, ತಿನ್ನೋ ಮೀನಿಗಿ ಯಾರರ ನೀರು ಪಕ್ವ ಆಗಲಿ ಅಂತ ಕಾಯತಾರೇನ್ರಿ? ಒಲಿ ಮ್ಯಾಲ ಇಟ್ರ ಮುಗೀತಲ್ರಿ. ನಮ್ಮಣ್ಣ ಹಿಂಗ ಅದಾನ್ರಿ, ಯಾರ ಮ್ಯಾಲೂ ಭರೋಸ ಇಲ್ಲ. ಗಿಡಾ ತರಸಾಕೂ ಅರಬಿ ಮುಚ್ಚತಾನ. ನಿಮ್ಮ ಮನಿ ಹೆಂಗದ ಅಂತ ಸುರಪುರದಾಗೂ ಎಷ್ಟು ಮಂದಿ ಕಡೆ ಕೇಳಸ್ಯಾನ, ನಿಮಗ ಗೊತ್ತಿಲ್ರಿ.’

ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಚೆನ್ನಬಸಪ್ಪನವರು ನನ್ನತ್ತ ತಿರುಗಿದರು. ‘ಅಂದ್ರ, ನಮ್ಮ ಹಿಂಬದಿ ಮನಿ ಮುದುಕಿ ಕಡೆ, ನಾವು ನೀರು ಸೋಸಿ ಕುಡಿತೇವೋ ಇಲ್ಲೋ ಅಂತ ಕೇಳಿಸಿದವ್ರು ನೀವ?’ ಎಂದರು. ‘ಹೌದ್ರಿ’ ಎಂದೆ. ಅವರು ಎಲೆಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಧೋತರಕ್ಕೆ ಒರೆಸಿ ಬಾಯಿಗಿಟ್ಟುಕೊಂಡರು. ‘ಹುಡಿಗಿ ಮಾತು ಖರೆ ಅನಸ್ತದ. ಆದ್ರೂ ಮೀನು ಕಣ್ಣಿಲೆ ನೋಡದ ನಾ ಮಾತು ಕೊಡಂಗಿಲ್ಲ. ನೀರು ಪಕ್ವ ಆದಮ್ಯಾಲ ಹೇಳಿ ಕಳಸ್ರಿ’ ಎಂದರು.

ಆ ನೀರನ್ನು ನಾನು ಕಾದ ಹಾಗೆ ಯಾರೂ ಯಾವ ನೀರನ್ನೂ ಕಾದಿರಲಾರರು. ಕಚೇರಿಯಲ್ಲಿ ಕೂತರೂ ಕಣ್ಣೆದುರಿಗೆ ಅದೇ. ನಾತ ಹೊಡೆಯಿತು, ಅವ್ವ ಮೂಗು ಮುಚ್ಚಿ ಸಹಿಸಿದಳು. ನೀಲಾ ದಿನಾ ರೊಟ್ಟಿಚೂರು ಹಾಕಿ ಗಾಜಿನ ಮುಂದೆ ಸುಮ್ಮನೆ ಕೂರುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ನೋಡಿ ನಾನೂ ಹೋಗಿ ಮಗ್ಗುಲಲ್ಲಿ ಕೂರುತ್ತಿದ್ದೆ. ಕೊನೆಗೆ ಒಂದು ಮುಂಜಾನೆ ಗಾಜಿನ ಆಚೆಯ ಗೋಡೆಯ ಬಿರುಕು ಸಹ ಕಾಣುವಷ್ಟು ನೀರು ತಿಳಿಯಾಗಿತ್ತು. ಮಲ್ಲಪ್ಪನನ್ನು ಈ ಸಲ ಹಾಡಹಗಲಿಗೆ, ಮುಂಬಾಗಿಲಿನಿಂದ, ಬುಟ್ಟಿ ತೆರೆದು, ಸಿದ್ದಮ್ಮನ ಕಟ್ಟೆಯ ಮುಂದಿನಿಂದಲೇ ಕರೆಸಿದೆ. ಬೆರಳುದ್ದದ ಹೊಳೆಮೀನುಗಳು ನೀರಿಗಿಳಿದು ಗಿಡದ ಸಂದಿಯಲ್ಲಿ ಹೊಕ್ಕು ಹೊರಬಂದವು. ಮರುದಿನವೂ ಬದುಕಿದ್ದವು, ಅದರ ಮರುದಿನವೂ.

ಚೆನ್ನಬಸಪ್ಪನವರು ಬಂದು ತೊಟ್ಟಿಯ ಮುಂದೆ ಬೆಳಿಗ್ಗೆಯಿಂದ ಸಂಜೆಯ ತನಕ ಕೂತರು. ಸಂಜೆ ನನ್ನನ್ನು ಹತ್ತಿರ ಕರೆದು, ‘ಮುಂಜಾನಿ ನೋಡಿದ ಮೀನು ಇವೇ ಏನ್ರಿ? ನಾ ಬುತ್ತಿ ಉಣ್ಣಾಕ ಎದ್ದಾಗ ಬ್ಯಾರೆ ತಂದು ಬಿಟ್ಟಿಲ್ಲಲ್ಲ?’ ಎಂದು ಮೆಲ್ಲಗೆ ಕೇಳಿದರು. ಅಲ್ಲಿಯವರೆಗೆ ಈ ಜಗತ್ತಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಲಗ್ನ ಗಟ್ಟಿಯಾಯಿತು. ಆದರೆ ಅಂದಿನಿಂದಲೇ ನನ್ನ ನಿದ್ದೆ ಕೆಟ್ಟಿತು. ಇಂಥ ಮನುಷ್ಯನ ಮನೆಯಲ್ಲಿ ನನ್ನ ತಂಗಿ ಹೇಗೆ ಬಾಳುತ್ತಾಳೆ? ಸಂಶಯದವನ ಜೊತೆ ಬದುಕುವುದು ಎಷ್ಟು ಕಷ್ಟ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಅವಳನ್ನು ಬಂಡಿ ಹತ್ತಿಸುವಾಗ ನಾನು ಅವ್ವನಿಗಿಂತ ಹೆಚ್ಚು ಅತ್ತೆ.

ಸುಗ್ಗಿಯ ಹೊತ್ತಿಗೆ ಸುರಪುರಕ್ಕೆ ಹೋದೆ. ಚೆನ್ನಬಸಪ್ಪನವರು ನಾನು ಒಯ್ದ ಬಾಳೆಹಣ್ಣನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದರು. ನೀಲಾ ತಂಬಿಗೆಯಲ್ಲಿ ನೀರು ತಂದಿಟ್ಟಳು. ಕೈ ಅಭ್ಯಾಸಬಲದಿಂದ ತಂಬಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿತು. ಅವಳು ನಕ್ಕಳು. ಮುಖ ತುಂಬಿಕೊಂಡಿತ್ತು.

‘ಕುಡಿಯಣ್ಣಾ’ ಎಂದಳು. ‘ಇದೇ ನೀರಾಗ ನಾ ಬದಕೇನಿ.’

ಕಣ್ಣು ತುಂಬಿ ಬಂದವು. ಹಾಗೇ ಮುಚ್ಚಿಕೊಂಡು ಗಟಗಟ ಕುಡಿದುಬಿಟ್ಟೆ. ನೀರು ಸಿಹಿಯಾಗಿತ್ತು. ನಾನು ಸಮಾಧಾನಪಡಲಿ ಎಂದು ಬೆಲ್ಲ ಕಲಸಿ ತಂದಿದ್ದಳೋ ಏನೋ ಎಂಬ ಗುಮಾನಿ ಮಾತ್ರ ನನಗೆ ಇವತ್ತಿಗೂ ಇದೆ.