ಹತ್ತನೆಯ ಹಸು

ಕಿಬಾಂಡ ಬೆಟ್ಟದ ಜನರಲ್ಲಿ ಎಷ್ಟು ಜನಾಂಗಗಳಿವೆ ಎಂಬುದನ್ನು ಘನ ಸರ್ಕಾರವು ಸಮುದ್ರದಾಚೆಯ ಬ್ರಸೆಲ್ಸ್ ನಗರದಲ್ಲಿ ಕುಳಿತು ಮೊದಲೇ ತೀರ್ಮಾನಿಸಿತ್ತು. ಯಾವ ಮನುಷ್ಯ ಯಾವ ಜನಾಂಗಕ್ಕೆ ಸೇರಿದವನು ಎಂಬ ಸಣ್ಣ ವಿವರವಷ್ಟೇ ಬಾಕಿ ಉಳಿದಿತ್ತು. ಅದನ್ನು ಪೂರೈಸಲು, ೧೯೩೩ರಲ್ಲಿ ಮಳೆ ನಿಂತ ವಾರ, ಲಾಂಬೋಟ್ ಸಾಹೇಬರು ಬೆಟ್ಟ ಹತ್ತಿ ಬಂದರು. ಹತ್ತಿ ಬಂದರು ಎನ್ನುವುದು ಸರ್ಕಾರಿ ಭಾಷೆ. ನಾಲ್ಕು ಜನ ಡೋಲಿಯಲ್ಲಿ ಹೊತ್ತು ತಂದರು.

ಸಾಹೇಬರ ಹಿಂದೆ ಪೆಟ್ಟಿಗೆಗಳು ಬಂದವು. ಎತ್ತರ ಅಳೆಯುವ ಕೋಲು, ತಲೆಬುರುಡೆ ಅಳೆಯುವ ಹಿತ್ತಾಳೆಯ ಇಕ್ಕಳ, ಮೂಗು ಅಳೆಯಲು ಅದರದೇ ಮರಿಯಂಥ ಇನ್ನೊಂದು ಇಕ್ಕಳ. ಪೆಟ್ಟಿಗೆಗಳ ಹಿಂದೆ ಮಿಷನ್ನಿನಲ್ಲಿ ನಾಲ್ಕಕ್ಷರ ಕಲಿತ ಗುಮಾಸ್ತ ಫೌಸ್ತಿನ್ ಬಂದ. ಜನ ಸೇರಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು ಪ್ರಕಟಣೆ ಓದಿದ:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಯಾರೂ ಜನಾಂಗವಿಲ್ಲದೆ ತಿರುಗಾಡತಕ್ಕದ್ದಲ್ಲ. ಮೂಗು ನೀಳವಾಗಿರುವವರು ತುತ್ಸಿಗಳು, ಆಳಲು ಹುಟ್ಟಿದವರು. ಮೂಗು ಅಗಲವಾಗಿರುವವರು ಹುಟುಗಳು, ದುಡಿಯಲು ಹುಟ್ಟಿದವರು. ಮೂಗಿನಿಂದ ತೀರ್ಮಾನವಾಗದಿದ್ದಲ್ಲಿ ದನ ಎಣಿಸತಕ್ಕದ್ದು. ಹತ್ತು ಮತ್ತು ಮೇಲ್ಪಟ್ಟು ಇದ್ದವರು ತುತ್ಸಿ, ಕಡಿಮೆ ಇದ್ದವರು ಹುಟು. ತಕರಾರು ಇದ್ದವರು ತಮ್ಮ ಮೂಗಿನೊಂದಿಗೆ ಖುದ್ದು ಹಾಜರಾಗತಕ್ಕದ್ದು."

ಈ ಎರಡು ಹೆಸರುಗಳೇನೂ ಬೆಟ್ಟಕ್ಕೆ ಹೊಸವಲ್ಲ. ದನ ಹೆಚ್ಚಿದವನನ್ನು ಒಂದು ಹೆಸರಿನಿಂದಲೂ ದನ ಸತ್ತವನನ್ನು ಇನ್ನೊಂದರಿಂದಲೂ ಕರೆಯುತ್ತಿದ್ದರು. ಮಳೆ ಬೆಳೆ ನೋಡಿಕೊಂಡು ಜನ ಅತ್ತಿಂದಿತ್ತ ಓಡಾಡಿಕೊಂಡಿದ್ದರು, ಹೆಣ್ಣು ಕೊಟ್ಟು ತಂದುಕೊಂಡಿದ್ದರು. ಇಂಥ ಸಡಿಲತನವನ್ನು ನಾಗರಿಕ ಸರ್ಕಾರವೊಂದು ಸಹಿಸುವಂತಿರಲಿಲ್ಲ.

ಮೊದಲ ತೊಡಕು ಬಂದದ್ದು ಮುದುಕಿ ಮುಕಾಂಕುಸಿಯ ಮನೆಯಿಂದ. ಅವಳಿಗೆ ಅವಳಿ ಗಂಡುಮಕ್ಕಳು, ದೊಡ್ಡವನು ಗಾಕುರು, ಚಿಕ್ಕವನು ಗಾಟೊ. ಸಾಹೇಬರು ಗಾಕುರುವನ್ನು ಮುಕ್ಕಾಲಿ ಮೇಲೆ ಕೂರಿಸಿ ಮೂಗಿಗೆ ಇಕ್ಕಳ ಹಾಕಿದರು. ಮೂಗು ನೀಳಕ್ಕೂ ಅಗಲಕ್ಕೂ ನಡುವಿನ ಗೆರೆಯ ಮೇಲೆ ಸರಿಯಾಗಿ ಬಂದು ನಿಂತಿತು. ಆಮೇಲೆ ಗಾಟೊ ಕೂತ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ.

"ಇವನು ಈಗಷ್ಟೇ ಕೂತಿದ್ದನಲ್ಲ?" ಎಂದರು ಸಾಹೇಬರು.

"ಅವನು ಇವನಲ್ಲ ಸಾಹೇಬ್ರೆ, ಇವನ ಅಣ್ಣ" ಎಂದ ಫೌಸ್ತಿನ್.

"ಅಣ್ಣ ಅನ್ನೋದೂ ಅಷ್ಟು ಗಟ್ಟಿ ಇಲ್ಲ ಕಣಪ್ಪ" ಎಂದು ಮುಕಾಂಕುಸಿ ಹಿಂದಿನಿಂದ ಬಾಯಿ ಹಾಕಿದಳು. "ಹುಟ್ದಾಗ ಗುರುತು ಸಿಗ್ಲಿ ಅಂತ ದೊಡ್ಡೋನ ಕಾಲ್ಗೆ ನಾರಿನ ದಾರ ಕಟ್ಟಿದ್ದೆ. ಒಂದಿನ ಸ್ನಾನ ಮಾಡಿಸ್ವಾಗ ಬಿಚ್ಚೋಯ್ತು. ಅವತ್ತಿಂದ ಯಾರು ದೊಡ್ಡೋನು ಅನ್ನೋದು ನನ್ನ ಅಂದಾಜು ಅಷ್ಟೇ."

ಸಾಹೇಬರಿಗೆ ಅವಳ ಮೇಲೆ ಕರುಣೆ ಬಂತು. ವಿಷಯ ತಿಳಿಸಿ ಹೇಳಿದರು: ತುತ್ಸಿಗಳು ಎಂದೋ ಉತ್ತರದಿಂದ ಬಂದವರು, ಬಿಳಿಯರಿಗೆ ದೂರದ ದಾಯಾದಿಗಳು, ಬಿಸಿಲಿಗೆ ಕಪ್ಪಾದವರು. ಹುಟುಗಳು ಇಲ್ಲೇ ಮಣ್ಣಿನಲ್ಲಿ ಹುಟ್ಟಿದವರು. ಇದನ್ನು ವಿದ್ವಾಂಸರು ಇಲ್ಲಿಗೆ ಬಾರದೆಯೇ ಕಂಡುಹಿಡಿದಿದ್ದಾರೆ.

"ಹಂಗಾದ್ರೆ ನೀವು ಈ ಹುಡುಗರಿಗೆ ಏನಾಗ್ಬೇಕು ಸಾಹೇಬ್ರೆ, ಚಿಕ್ಕಪ್ಪನಾ?" ಎಂದಳು ಮುಕಾಂಕುಸಿ. "ನೆಂಟರು ಅಂದ್ಮೇಲೆ ಬರೋವಾಗ ಒಂದು ಗಡಿಗೆ ಬಾಳೆಹಣ್ಣಿನ ಹೆಂಡ ಆದ್ರೂ ತರೋದಲ್ವಾ?"

ಫೌಸ್ತಿನ್ ಇದನ್ನು ಅನುವಾದಿಸಲಿಲ್ಲ. ಸಾಹೇಬರು ನಿಯಮದಂತೆ ದನ ಎಣಿಸಲು ಹೊರಟರು.

ಹುಡುಗರ ಅಪ್ಪ ಸಾಯುವಾಗ ಹತ್ತೊಂಬತ್ತು ದನ ಬಿಟ್ಟು ಹೋಗಿದ್ದ. ಇಬ್ಬರಿಗೂ ಒಂಬತ್ತೊಂಬತ್ತು, ಮಿಕ್ಕಿದ್ದು ಬಿಹೋಗೊ ಎಂಬ ಕಂದು ಹಸು. ಅದರ ಹಾಲು ಒಂದು ದಿನ ಅಣ್ಣನ ಮನೆಗೆ, ಮರುದಿನ ತಮ್ಮನ ಮನೆಗೆ. ಮುದುಕಿಯ ಊಟವೂ ಹಾಲು ಹೋದ ಕಡೆಗೆ. ಅಣ್ಣನ ದೊಡ್ಡಿಯ ಬೇಲಿ ಭದ್ರವಾಗಿದ್ದುದರಿಂದ ಹಸುವನ್ನು ಅಲ್ಲಿ ಕಟ್ಟಿದ್ದರು, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಸಾಹೇಬರು ಎಣಿಸಿದರು: ಗಾಕುರುಗೆ ಹತ್ತು, ತುತ್ಸಿ. ಗಾಟೊಗೆ ಒಂಬತ್ತು, ಹುಟು. ಕಾರ್ಡಿನಲ್ಲಿ ಎರಡೂ ಜನಾಂಗಗಳ ಹೆಸರು ಅಚ್ಚಾಗಿತ್ತು, ಕೆಳಗೆ 'ಅನ್ವಯಿಸದ್ದನ್ನು ಹೊಡೆದುಹಾಕಿ' ಎಂಬ ಸೂಚನೆ ಇತ್ತು. ಫೌಸ್ತಿನ್ ಸೂಚನೆಯಂತೆ ನಡೆದುಕೊಂಡ.

"ಈ ಕಾರ್ಡಿಂದ ಏನಾಗತ್ತೆ ಮಗಾ?" ಎಂದು ಮುಕಾಂಕುಸಿ ಅವನನ್ನು ಕೇಳಿದಳು.

"ಹುಟು ಆದೋನು ರಸ್ತೆ ಕೆಲಸಕ್ಕೆ ಹೋಗ್ಬೇಕು ಅಜ್ಜಿ. ಕೂಲಿ ಇಲ್ಲ. ತುತ್ಸಿ ಆದೋನಿಗೆ ಮೇಸ್ತ್ರಿ ಕೆಲಸ."

"ಮೇಸ್ತ್ರಿ ಏನ್ ಮಾಡ್ತಾನೆ?"

"ನೀರಾನೆ ಚರ್ಮದ ಚಾವಟಿ ಹಿಡ್ಕೊಂಡು ನಿಂತಿರ್ತಾನೆ. ತಡವಾಗಿ ಬಂದೋರಿಗೆ ಬಾರಿಸ್ತಾನೆ."

"ಅಯ್ಯೋ, ನಮ್ಮ ಗಾಟೊ ಹುಟ್ದಾಗ್ಲೇ ತಡವಾಗಿ ಬಂದೋನು!" ಎಂದಳು ಮುದುಕಿ. ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. ತನ್ನ ಮಕ್ಕಳಿಗೆ ಯಾವ ಜನಾಂಗ ಅಂಟಿದರೂ ಅವಳಿಗೆ ಚಿಂತೆಯಿರಲಿಲ್ಲ. ತನ್ನ ಒಬ್ಬ ಮಗ ಇನ್ನೊಬ್ಬನ ಮೇಲೆ ಕೈ ಎತ್ತುವುದನ್ನು ನೋಡಬಾರದು, ಅಷ್ಟೇ.

ಗಾಕುರು ಒಳ್ಳೆಯ ಹುಡುಗ. ಅಂದು ಸಂಜೆಯೇ ಹಿರಿಯರನ್ನು ಕರೆದು, ಹೆಂಡದ ಗಡಿಗೆ ಇಳಿಸಿ, ಬಿಹೋಗೊಳ ಹಗ್ಗವನ್ನು ತಮ್ಮನ ಕೈಗಿಟ್ಟ. ಬೆಟ್ಟದಲ್ಲಿ ಹಸು ಕೊಡುವುದೆಂದರೆ ಸಾಮಾನ್ಯ ಮಾತಲ್ಲ. ಪಡೆದವನು ಕೊಟ್ಟವನ ಹೆಸರನ್ನು ಎಲ್ಲರ ಮುಂದೆ ಕೂಗಿ ಹೇಳಬೇಕು. ಆಮೇಲೆ ಆಣೆ ಇಡುವಾಗಲೂ, ಎಡವಿ ಬಿದ್ದಾಗಲೂ, ಪ್ರಾಣಕ್ಕೆ ಬಂದಾಗಲೂ ಅದೇ ಮಾತು ಬಾಯಿಗೆ ಬರಬೇಕು. "ಗಾಕುರು ನನಗೆ ಹಸು ಕೊಟ್ಟ!" ಎಂದು ಗಾಟೊ ಎದುರು ಬೆಟ್ಟಕ್ಕೆ ಕೇಳುವಂತೆ ಕೂಗಿದ.

ಬೆಳಿಗ್ಗೆ ಅವನು ತಕರಾರಿನೊಂದಿಗೂ ಮೂಗಿನೊಂದಿಗೂ ಹಾಜರಾದ. ಸಾಹೇಬರು ಮತ್ತೆ ಎಣಿಸಿದರು. ಗಾಟೊಗೆ ಹತ್ತು, ಗಾಕುರುಗೆ ಒಂಬತ್ತು. ಕಾರ್ಡುಗಳನ್ನು ಹರಿದು ಹೊಸದು ಬರೆಯಲಾಯಿತು. ಈಗ ಗಾಕುರು ರಸ್ತೆಗೆ ಹೋಗಬೇಕು, ಗಾಟೊ ಚಾವಟಿ ಹಿಡಿಯಬೇಕು. ಗಾಟೊನೂ ಒಳ್ಳೆಯ ಹುಡುಗನೇ. ಮತ್ತೆ ಗಡಿಗೆ ಇಳಿಸಿ ಬಿಹೋಗೊಳನ್ನು ಅಣ್ಣನಿಗೆ ಕೊಟ್ಟ. ಹಿರಿಯರಿಗೆ ಈ ಜನಾಂಗದ ಕೆಲಸ ಬಹಳ ಹಿಡಿಸಿತು. ಇನ್ನೊಂದು ವಾರ ನಡೆದರೆ ಒಳ್ಳೆಯದೆಂದು ಮಾತಾಡಿಕೊಂಡರು. ಸಾಹೇಬರು ಮಾತ್ರ ತಮ್ಮ ವರದಿಯಲ್ಲಿ, 'ಇಲ್ಲಿಯವರ ಜನಾಂಗವು ಸಂಜೆಯ ಹೊತ್ತಿಗೆ ಸಡಿಲಗೊಳ್ಳುವ ಸ್ವಭಾವದ್ದು' ಎಂದು ದಾಖಲಿಸಿ, ಒಂದು ಆದೇಶ ಹೊರಡಿಸಿದರು: 'ಜನಾಂಗವು ಬದಲಾಗತಕ್ಕದ್ದಲ್ಲ. ಆದಕಾರಣ ಹಸುವು ಬದಲಾಗತಕ್ಕದ್ದಲ್ಲ.'

ಅಷ್ಟರಲ್ಲಿ ಬಿಹೋಗೊ ಅಣ್ಣನ ದೊಡ್ಡಿಗೆ ಬಂದು ಸೇರಿದ್ದಳು, ಹಾಗಾಗಿ ಗಾಕುರು ಮತ್ತೆ ತುತ್ಸಿ, ಗಾಟೊ ಮತ್ತೆ ಹುಟು. ಮುಕಾಂಕುಸಿ ಸಾಹೇಬರ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಹಸು ಗಬ್ಬ ಆಗಿದೆ ಸಾಹೇಬ್ರೆ, ಇವತ್ತೋ ನಾಳೆಯೋ ಕರು ಹಾಕತ್ತೆ. ತಾಯಿ ಒಬ್ಬನಿಗೆ, ಕರು ಇನ್ನೊಬ್ಬನಿಗೆ. ಇಬ್ಬರಿಗೂ ಹತ್ತತ್ತು ಆಗತ್ತೆ. ಒಂದಿನ ತಡ್ಕೊಳ್ಳಿ, ನಿಮಗೆ ಕೈ ಮುಗೀತೀನಿ."

ಬೆಟ್ಟದವರು ಬಡಿಸುತ್ತಿದ್ದ ಆಡಿನ ಮಾಂಸ ಚೆನ್ನಾಗಿತ್ತು, ಸಾಹೇಬರು ತಡೆದುಕೊಂಡರು. ಬೆಟ್ಟದ ಜನವೆಲ್ಲ ದೊಡ್ಡಿಯ ಸುತ್ತ ನೆರೆದರು. ಹಸು ಮಲಗಿದರೆ ಎಲ್ಲರೂ ಕುಳಿತರು, ಎದ್ದರೆ ಎಲ್ಲರೂ ಎದ್ದರು. ಮರುದಿನ ಬಿಸಿಲೇರುವ ಹೊತ್ತಿಗೆ ಹೆಣ್ಣುಕರು ಹುಟ್ಟಿತು. ಹೆಂಗಸರು ಸಂತೋಷದಿಂದ ಕೂಗು ಹಾಕಿದರು. ಸಾಹೇಬರು ಅಭ್ಯಾಸಬಲದಿಂದ ಇಕ್ಕಳ ತೆಗೆದು ಕರುವಿನ ಮೂಗಿನ ತನಕ ಒಯ್ದವರು, ತಟ್ಟನೆ ನೆನಪಾಗಿ ಒಳಗಿಟ್ಟುಕೊಂಡರು. ಮುಕಾಂಕುಸಿ ಕರುವನ್ನು ತಾನೇ ಎತ್ತಿ ಗಾಟೊನ ದೊಡ್ಡಿಗೆ ಒಯ್ದು ಬಿಟ್ಟಳು. ಅವಳ ಮುಖದಲ್ಲಿ ಗೆಲುವಿತ್ತು.

"ಈಗ ಬರೀರಿ ಸಾಹೇಬ್ರೆ. ಇಬ್ಬರಿಗೂ ಹತ್ತು."

ಸಾಹೇಬರು ಇನ್ನೊಮ್ಮೆ ಹತ್ತರ ತನಕ ಎಣಿಸಿ, ಗಾಟೊನ ಕಾರ್ಡಿಗೆ ಹುಟು ಎಂದೇ ಮೊಹರು ಒತ್ತಿದರು.

"ಹತ್ತು ಇದಾವಲ್ಲ!" ಎಂದ ಗಾಟೊ.

"ಅವು ಹುಟುವಿನ ಹತ್ತಿರ ಇರುವ ಹತ್ತು ದನ" ಎಂದರು ಸಾಹೇಬರು. "ನಿನ್ನ ಅಣ್ಣ ಹತ್ತು ದನ ಇದ್ದುದಕ್ಕೆ ತುತ್ಸಿ ಆದದ್ದಲ್ಲ. ಅವನು ತುತ್ಸಿ ಆಗಿದ್ದಕ್ಕೆ ಅವನ ಹತ್ತಿರ ಹತ್ತು ದನ ಇದ್ದವು. ದನ ಬರುತ್ತದೆ, ಹೋಗುತ್ತದೆ. ರಕ್ತ ಅಲ್ಲೇ ಇರುತ್ತದೆ."

"ಹಂಗಾದ್ರೆ ಎಣಿಸಿದ್ದು ಯಾಕೆ?" ಎಂದಳು ಮುಕಾಂಕುಸಿ.

"ನಿಯಮ ಇದೆ" ಎಂದರು ಸಾಹೇಬರು.

ಮುದುಕಿಗೂ ಒಂದು ಕಾರ್ಡು ಬೇಕಾಗಿತ್ತು. ಅವಳ ಮೂಗನ್ನು ಹರೆಯದಲ್ಲೇ ಒಂದು ಹೋರಿಗರು ಒದ್ದು ಅಪ್ಪಚ್ಚಿ ಮಾಡಿತ್ತು. ದನವೂ ಅವಳ ಹೆಸರಿನಲ್ಲಿರಲಿಲ್ಲ. ಎರಡು ಜನಾಂಗಗಳನ್ನು ಒಂದೇ ಬೆಳಗಿನಲ್ಲಿ ಹೆತ್ತ ಹೆಂಗಸನ್ನು ಯಾವುದಕ್ಕೆ ಸೇರಿಸುವುದೆಂದು ಪುಸ್ತಕದಲ್ಲಿ ಇರಲಿಲ್ಲ. 'ತಾತ್ಕಾಲಿಕ, ಮರಣಾನಂತರ ಖಾಯಂಗೊಳಿಸಲಾಗುವುದು' ಎಂದು ಬರೆದುಕೊಟ್ಟರು. ಅವಳಿಗಳ ಮಕ್ಕಳು ಮೊಮ್ಮಕ್ಕಳಿಗೆ ಅವರವರ ಅಪ್ಪನ ಜನಾಂಗವೇ ಅನ್ವಯಿಸುತ್ತದೆ ಎಂದೂ ತಿಳಿಸಿದರು.

ರಸ್ತೆ ಕೆಲಸ ಶುರುವಾಯಿತು. ಮೊದಮೊದಲು ಗಾಕುರು ಚಾವಟಿಯನ್ನು ಜನರ ಪಕ್ಕದ ನೆಲಕ್ಕೆ ಬಾರಿಸುತ್ತಿದ್ದ. ಹೊಡೆಸಿಕೊಳ್ಳಬೇಕಾದವರು ಚೆನ್ನಾಗಿ ಕಿರುಚಿ ಸಹಕರಿಸುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಬೆನ್ನುಗಳನ್ನು ಪರೀಕ್ಷಿಸಿ, ಬಾಸುಂಡೆಗಳು ವರದಿಗೆ ತಾಳೆಯಾಗುತ್ತಿಲ್ಲವೆಂದೂ, ಕೊರತೆ ಬಿದ್ದಷ್ಟನ್ನು ಮೇಸ್ತ್ರಿಯ ಬೆನ್ನಿನಿಂದ ಭರ್ತಿ ಮಾಡಲಾಗುವುದೆಂದೂ ತಿಳಿಸಿದರು. ಅಂದಿನಿಂದ ಚಾವಟಿ ನೆಲಕ್ಕೆ ಬೀಳುವುದು ನಿಂತಿತು. ಮೊದಲ ಕೆಲವು ದಿನ ಗಾಕುರು ಸಂಜೆ ತಮ್ಮನ ಮನೆಗೆ ಬೆಣ್ಣೆ ತಂದು, ಅವನ ಬೆನ್ನಿಗೆ ಹಚ್ಚಿ ಅಳುತ್ತಿದ್ದ. ಆಮೇಲೆ ಬೆಣ್ಣೆ ಕಳಿಸಿಕೊಡುತ್ತಿದ್ದ. ಆಮೇಲೆ ಅವನ ಹೆಂಡತಿ, "ಅವರ ಮನೆ ಸೋರೆಬುರುಡೆಯಲ್ಲಿ ನಮ್ಮ ಮಕ್ಕಳು ಹಾಲು ಕುಡಿಯೋದು ಬೇಡ" ಎಂದಳು. ಗಾಕುರು ನೆಟ್ಟಗೆ ನಡೆಯಲು ಕಲಿತಿದ್ದ. ಆಗಾಗ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಗಾಟೊ ತಡವಾಗಿ ಬಂದ. ಮುದುಕಿಗೆ ಜ್ವರ ಬಂದಿತ್ತು. ಅಂದು ಅವಳಿಗೆ ಹಾಲು ಅಣ್ಣನ ಮನೆಯಿಂದ ಬರಬೇಕಿತ್ತು, ಬಂದಿರಲಿಲ್ಲ, ಗಾಟೊನೇ ತನ್ನ ಹಸುವಿನ ಹಾಲು ಕರೆದು ಕುಡಿಸಿ ಬಂದಿದ್ದ.

"ಯಾಕೋ ತಡ?" ಎಂದ ಗಾಕುರು. ಸಾಹೇಬರು ಅಲ್ಲೇ ನಿಂತಿದ್ದರು.

"ನೀನು ಮಾಡ್ಬೇಕಾದ ಕೆಲಸ ಮಾಡ್ತಿದ್ದೆ ಕಣೋ" ಎಂದ ಗಾಟೊ.

ಗಾಕುರು ಚಾವಟಿಯನ್ನು ತಿರುಗಿಸಿ ಅದರ ಮರದ ಹಿಡಿಯಿಂದ ತಮ್ಮನ ಮುಖಕ್ಕೆ ಬೀಸಿದ. ಮೂಳೆ ಮುರಿದ ಸದ್ದು ಆಚೆ ಗುದ್ದಲಿ ಹಿಡಿದವರಿಗೂ ಕೇಳಿಸಿತು. ಗಾಟೊ ಮುಖ ಹಿಡಿದುಕೊಂಡು ಕುಸಿದ. ನೋವಿಗೆ ಅವನ ಬಾಯಲ್ಲಿ ಬರಬೇಕಾದ ಮಾತೇ ಬಂತು.

"ಗಾಕುರು ನನಗೆ ಹಸು ಕೊಟ್ಟ! ಗಾಕುರು ನನಗೆ ಹಸು ಕೊಟ್ಟ!"

ಗುದ್ದಲಿಗಳು ನಿಂತವು. ಗಾಕುರು ಕೈಯಲ್ಲಿದ್ದ ಚಾವಟಿ ನೋಡಿದ, ಸಾಹೇಬರನ್ನು ನೋಡಿದ. "ಏನಂತೆ ಅವನದು?" ಎಂದು ಸಾಹೇಬರು ಕೇಳಿದರು.

"ಅಣ್ಣ ಹಸು ಕೊಟ್ಟಿದ್ದ ಅಂತಿದಾನೆ ಸಾಹೇಬ್ರೆ" ಎಂದ ಫೌಸ್ತಿನ್.

"ಆ ವಿಷಯ ಇತ್ಯರ್ಥವಾಗಿದೆ, ಮತ್ತೆ ತೆರೆಯಲಾಗದು ಎಂದು ಹೇಳು."

ಫೌಸ್ತಿನ್ ಹೇಳಿದ. ಗುದ್ದಲಿಗಳು ಮತ್ತೆ ಎದ್ದವು.

ಮುಂದಿನ ಬೇಸಿಗೆಯಲ್ಲಿ ಸಾಹೇಬರು ಮರುಪರಿಶೀಲನೆಗೆಂದು ಅವಳಿಗಳನ್ನು ಕರೆಸಿ ಮೂಗು ಅಳೆದರು. ಗಾಕುರು ಮೊದಲಿದ್ದಲ್ಲೇ ಇದ್ದ. ಗಾಟೊನ ಮೂಗು ಸಾಕಷ್ಟು ಅಗಲವಾಗಿತ್ತು. ಸಾಹೇಬರ ಕಣ್ಣು ತುಂಬಿ ಬಂತು. ಕಾರ್ಡು ಮೊದಲೇ ಹೇಳಿದ್ದನ್ನು ಮೂಗು ಈಗ ಒಪ್ಪಿಕೊಂಡಿತ್ತು. ವಿಜ್ಞಾನದ ಮೇಲೆ ಅನುಮಾನಪಟ್ಟವರು ಬಂದು ನೋಡಬಹುದೆಂದು ಡಂಗುರ ಸಾರಿಸಿದರು. ಜನ ಬಂದು ನೋಡಿದರು. "ಹೌದಲ್ವಾ, ನಾವು ಸರಿಯಾಗಿ ನೋಡೇ ಇರ್ಲಿಲ್ಲ" ಎಂದು ಹಿರಿಯರು ತಲೆ ತೂಗಿದರು. ಗಾಕುರು ಕೂಡ ತಲೆ ತೂಗಿದ. ಗಾಟೊ ಅಣ್ಣನ ಮೂಗನ್ನೇ ನೋಡುತ್ತಿದ್ದ. ಅವನ ಪಕ್ಕದಲ್ಲಿ ಅವನ ಮಕ್ಕಳೂ ಅದನ್ನೇ ನೋಡುತ್ತಿದ್ದರು.

"ಏನಜ್ಜಿ, ಈಗ ಗುರುತು ಸಿಗ್ತಾರಾ?" ಎಂದು ಫೌಸ್ತಿನ್ ಕೇಳಿದ.

"ಸಿಗ್ತಾರೆ ಮಗಾ" ಎಂದಳು ಮುಕಾಂಕುಸಿ. "ಇನ್ನು ದಾರ ಬೇಡ."

ಅವಳು ಇಬ್ಬರು ಮಕ್ಕಳ ಕಾರ್ಡುಗಳನ್ನೂ ತನ್ನ ಮುಚ್ಚಳದ ಬುಟ್ಟಿಯಲ್ಲಿ ಒಟ್ಟಿಗೆ ಇಟ್ಟಿದ್ದಳು. ಅಂದು ಸೊಸೆಯಂದಿರು ಬಂದು ತಮ್ಮ ತಮ್ಮದನ್ನು ತೆಗೆದುಕೊಂಡು ಹೋದರು. ದಾರಿಯಲ್ಲಿ ಸಿಕ್ಕ ಸಾಹೇಬರು ಒಂದು ಕಾರ್ಡನ್ನು ಬಿಸಿಲಿಗೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿ, ಕಾಗದ ಬಹಳ ಒಳ್ಳೆಯದು, ಒದ್ದೆಯಾಗದಂತೆ ಇಟ್ಟುಕೊಂಡರೆ ಅರುವತ್ತು ವರ್ಷ ಬಾಳುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಖಂಡಿತ ಉಪಯೋಗಕ್ಕೆ ಬರುತ್ತದೆ ಎಂದರು. ಇಬ್ಬರು ಸೊಸೆಯಂದಿರೂ ಬೇರೆ ಬೇರೆಯಾಗಿ ಅವರಿಗೆ ಕೈ ಮುಗಿದರು.